ಶೀತಲೀಕರಣ ಮತ್ತು ರೈಲು ಸಾಗಾಣಿಕೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ರೈತ ಬಾಂಧವರಿಗೆ ಕಾಫಿ, ಮೆಣಸು ಕೆಡುವ ಚಿಂತೆ ಅಷ್ಟಾಗಿ ಇಲ್ಲ. ಚೆನ್ನಾಗಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತವೆ. ಆಲೂಗಡ್ಡೆ, ಹಸಿಶುಂಠಿ, ತರಕಾರಿಗಳ ಮಾತು ಬೇರೆ. ಇವು ಕಿತ್ತ ಮೇಲೂ ಉಸಿರಾಡುತ್ತವೆ. ಉಸಿರಾಟದಿಂದ ಶಾಖ ಹುಟ್ಟುತ್ತದೆ. ಶಾಖ ಏರಿದಂತೆ ಉಸಿರಾಟವೂ ಏರಿ ಮಾಲು ಬೇಗ ಕೆಡುತ್ತದೆ. ಒಟ್ಟಿದ ಚೀಲಗಳ ನಡುವೆ ಕೈಯಿಟ್ಟು ನೋಡಿದರೆ ಈ ಬಿಸಿ ನಿಮಗೇ ತಿಳಿಯುತ್ತದೆ.

ಯಂತ್ರ ಕೆಲಸ ಮಾಡುವ ಬಗೆ

ಶೀತಲ ಯಂತ್ರವು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದೆಯಷ್ಟೆ? ಇಲ್ಲಿಯೂ ಅದೇ ತತ್ವ. ಅಮೋನಿಯದಂತಹ ಬೇಗ ಆವಿಯಾಗುವ ದ್ರವವು ಕೋಣೆಯೊಳಗಿನ ಕೊಳವೆಗಳಲ್ಲಿ ಆವಿಯಾಗಿ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಒತ್ತಡದಿಂದ ಕಾದ ಆವಿ ಹೊರಗಿನ ಕೊಳವೆಗಳಲ್ಲಿ ಶಾಖ ಬಿಟ್ಟು ಪುನಃ ದ್ರವವಾಗುತ್ತದೆ. ಕಿರಿದಾದ ಕವಾಟವನ್ನು ದಾಟುವಾಗ ಒತ್ತಡ ಇಳಿದು, ಮತ್ತೆ ಒಳಗೆ ಬಂದು ಶಾಖ ಹೀರಲು ಸಿದ್ಧವಾಗುತ್ತದೆ.

ರೈಲಿನಲ್ಲಿ ಬಳಕೆ

ರೈಲಿನಲ್ಲಿ ಮೊದಲು ಬಳಸಿದ್ದು ಮಂಜುಗಡ್ಡೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಅಮೆರಿಕದ ಷಿಕಾಗೋದ ಮಾಂಸದ ವ್ಯಾಪಾರಿ ಗಸ್ಟಾವಸ್ ಸ್ವಿಫ್ಟ್ 1878ರಲ್ಲಿ ಆಂಡ್ರ್ಯೂ ಚೇಸ್ ಎಂಬ ಎಂಜಿನಿಯರರಿಂದ ಇಂತಹ ವ್ಯಾಗನ್ನು ರೂಪಿಸಿದರು. ಮಂಜುಗಡ್ಡೆ ಮೇಲಿತ್ತು, ತಣ್ಣನೆಯ ಗಾಳಿ ಭಾರವಾದುದರಿಂದ ತಾನಾಗಿ ಕೆಳಗಿಳಿಯುತ್ತಿತ್ತು. ಈಗ ಯಂತ್ರ ಅಳವಡಿಸಿದ ಕಂಟೇನರುಗಳು ಬಂದಿವೆ. ಅವುಗಳಿಗೆ ವಿದ್ಯುತ್ ಬೇಕು.

ನಮ್ಮ ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಆರಂಭವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈನಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಇಂತಹ ತಡೆಯಾದಾಗ, ಬಿಸಿಯಾಗಿಯೇ ತುಂಬಿದ ಮಾಲು ಮೊದಲು ಕೊಳೆಯುತ್ತದೆ.

ನೀವು ಗಮನಿಸಬೇಕಾದ ಅಂಶಗಳು

1. ಸಾಗಾಣಿಕೆಯ ಯಂತ್ರಕ್ಕೆ ಇರುವ ತಂಪನ್ನು ಕಾಯುವಷ್ಟೇ ಶಕ್ತಿ. ಬಿಸಿ ಮಾಲನ್ನು ಬೇಗ ತಣಿಸಲಾರದು. ಆದ್ದರಿಂದ ಮುಂಜಾನೆ ಕೊಯ್ದು, ನೆರಳಿನಲ್ಲಿ ಹರಡಿ, ಬಿಸಿ ಆರಿದ ಮೇಲೆ ತುಂಬಿರಿ.

2. ಚೀಲಗಳ ನಡುವೆ ಗಾಳಿಯಾಡಲು ಸಂದು ಬಿಡಿರಿ.

3. ಬಿತ್ತನೆ ಆಲೂಗಡ್ಡೆಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಸೂಕ್ತ; ಹಸಿಶುಂಠಿಗೆ 12–13 ಡಿಗ್ರಿ ಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಶುಂಠಿ ಶೀತದಿಂದ ಹಾಳಾಗುತ್ತದೆ.

4. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆ ಶೀತಲಗೃಹದಲ್ಲಿ ಇದ್ದದ್ದು. ತಣ್ಣನೆಯ ಗಡ್ಡೆಯನ್ನು ಒಮ್ಮೆಲೇ ಹೊರಗೆ ತಂದರೆ ಅದರ ಮೇಲೆ ನೀರು ಕೂಡುತ್ತದೆ. ಆಗಲೇ ಕತ್ತರಿಸಿ ಬಿತ್ತಿದರೆ ಕೊಳೆಯುವ ಭಯವುಂಟು. ಗಾಳಿ, ಮಂದ ಬೆಳಕು ಇರುವ ಜಾಗದಲ್ಲಿ 8–10 ದಿನ ತೆಳುವಾಗಿ ಹರಡಿ, ಕೊಳೆತವನ್ನು ಆರಿಸಿ ತೆಗೆದು, ಮೊಳಕೆ ಕಂಡ ಮೇಲೆ ಬಿತ್ತಿರಿ.

ಬೀಜಕ್ಕೆ ಕೊಟ್ಟ ಹಣ ಮಣ್ಣಿನಲ್ಲಿ ಕೊಳೆಯದಿರಲು ಈ ಹತ್ತು ದಿನಗಳ ತಾಳ್ಮೆ ಅಗತ್ಯ.