ಮುಂಗಡ ಹಣ ಮಾಲೀಕನದಲ್ಲ

ನಿವೃತ್ತಿಯ ವೇಳೆ ಕೈಗೆ ಬಂದ ಹಣದಲ್ಲಿ ಮನೆಯ ಮೇಲೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡುವುದು ಬೆಂಗಳೂರಿನ ಮಧ್ಯಮ ವರ್ಗದ ಹಳೆಯ ರೂಢಿ. ನಾನೂ ಅದನ್ನೇ ಮಾಡಿದೆ. ಬಾಡಿಗೆದಾರರು ಕೊಟ್ಟ ಹತ್ತು ತಿಂಗಳ ಮುಂಗಡವನ್ನು ಬಣ್ಣಕ್ಕೆ, ಗ್ರಿಲ್ಲಿಗೆ, ನೀರಿನ ಸಂಪಿಗೆ ಸುರಿದೆ. ಮೂರನೆಯ ವರ್ಷ ಅವರಿಗೆ ವರ್ಗವಾಯಿತು. ತಿಂಗಳ ಮೊದಲೇ ತಿಳಿಸಿ, ಮನೆ ಗುಡಿಸಿ, ಬೀಗದ ಕೈ ಹಿಡಿದು ಬಂದು ನಿಂತಾಗ ನನ್ನ ಖಾತೆಯಲ್ಲಿ ಆ ಹಣವಿರಲಿಲ್ಲ. ಸೇವೆಯಲ್ಲಿದ್ದಾಗ, ಠೇವಣಿ ಹಣವನ್ನು ಬೇರೆ ವೆಚ್ಚಕ್ಕೆ ತಿರುಗಿಸಿದ ಅಧಿಕಾರಿಗಳಿಗೆ ಕಾರಣ ಕೇಳಿ ನೋಟಿಸು ಕೊಟ್ಟವನು ನಾನು!

ಮನೆಮಾಲೀಕರು ನಾಲ್ವರು ಸೇರಿದರೆ ಮನೆ ಬಿಡದ ಬಾಡಿಗೆದಾರರದ್ದೇ ಮಾತು. ಆದರೆ ನಮ್ಮ ಸಂಕಷ್ಟಗಳಲ್ಲಿ ಹೆಚ್ಚಿನವು ನಾವೇ ತಂದುಕೊಂಡವು. ಮುಂಗಡವು ಆದಾಯವಲ್ಲ, ಹಿಂತಿರುಗಿಸಬೇಕಾದ ಸಾಲ. ಬಾಡಿಗೆಯೇ ಇಲ್ಲದೆ ಲಕ್ಷಗಟ್ಟಲೆ ಒಮ್ಮೆಗೇ ಪಡೆಯುವ ಭೋಗ್ಯದಲ್ಲಂತೂ ಈ ಸಾಲದ ಭಾರ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆನ್ನುತ್ತದೆ. ಅದು ಕೇವಲ ಮಾದರಿ. ರಾಜ್ಯವು ಶಾಸನ ಮಾಡಿಕೊಂಡಲ್ಲಿ ಮಾತ್ರ ಅನ್ವಯ. ಆದರೂ ಮಿತವಾದ ಠೇವಣಿ ಬಾಡಿಗೆದಾರನಿಗಷ್ಟೇ ಅಲ್ಲ, ಮಾಲೀಕನಿಗೂ ರಕ್ಷಣೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ.

ಎರಡನೆಯ ಅಜಾಗ್ರತೆ ಕರಾರುಪತ್ರದ್ದು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಹೀಗಾಗಿ ಇಂದಿನ ಬಹುತೇಕ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಆಡಳಿತಕ್ಕೆ ಒಳಪಟ್ಟಿವೆ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದ್ದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂತು. ಅದರ ಅವಧಿ ಮುಗಿದರೂ ಪತ್ರ ಬೀರುವಿನಲ್ಲೇ ಮಲಗಿರುತ್ತದೆ. ಬಾಡಿಗೆ ಮಾತ್ರ ಬರುತ್ತಿರುತ್ತದೆ. ಹಾಗೆ ಸ್ವೀಕರಿಸುತ್ತ ಹೋದರೆ ಬಾಡಿಗೆದಾರಿಕೆಯು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿದಂತಾಗುತ್ತದೆ. ಕೊನೆಗೊಳಿಸಲು ಹದಿನೈದು ದಿನಗಳ ಲಿಖಿತ ನೋಟಿಸು, ಆಮೇಲೂ ಬಿಡದಿದ್ದರೆ ಸಿವಿಲ್ ನ್ಯಾಯಾಲಯ. ಬಾಡಿಗೆ ಏರಿಕೆ, ಬಣ್ಣದ ಖರ್ಚಿನ ಕಡಿತ ಇತ್ಯಾದಿಗಳು ಆಗ ಬಾಯಿಮಾತಿನ ವಾದಗಳಾಗುತ್ತವೆ.

ಹನ್ನೆರಡು ವರ್ಷ ಇದ್ದ ಬಾಡಿಗೆದಾರ ಒಡೆಯನಾಗುತ್ತಾನೆಂಬ ಭಯವೂ ವ್ಯಾಪಕವಾಗಿದೆ. ಅನುಮತಿಯಿಂದ ಒಳಬಂದು ಬಾಡಿಗೆ ಕೊಡುತ್ತಿರುವವನು, ಬಾಡಿಗೆದಾರನಾಗಿರುವಷ್ಟು ಕಾಲ, ಮಾಲೀಕನ ಹಕ್ಕನ್ನು ಅಲ್ಲಗಳೆಯಲಾರ. ಆದರೆ ಬಾಡಿಗೆಯ ಸಂದಾಯಕ್ಕೆ ಲಿಖಿತ ಆಧಾರವಿರಬೇಕು. ಬ್ಯಾಂಕಿನ ಮೂಲಕ ಪಡೆಯುವುದು ಕ್ಷೇಮ. ಸಹನೆಗೆಟ್ಟು ಹೊರಗಿನಿಂದ ಬೀಗ ಜಡಿಯುವುದಂತೂ ಸಲ್ಲದು. ಕಾನೂನುಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ನಮ್ಮ ಒಡೆತನದ ಪತ್ರಗಳು ಅಲ್ಲಿ ನೆರವಿಗೆ ಬಾರವು.

ಇನ್ನು ಲೆಕ್ಕದ ಮಾತು. ಆದಾಯ ತೆರಿಗೆ ಕಾನೂನು, ಪಾವತಿಸಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ಶೇ 30ರಷ್ಟನ್ನು ರಸೀದಿ ಕೇಳದೆ ಕಡಿತ ಮಾಡಲು ಅವಕಾಶ ಕೊಡುತ್ತದೆ. ಮನೆಯೂ ಹಣ ತಿನ್ನುತ್ತದೆಂಬುದನ್ನು ಕಾನೂನು ಒಪ್ಪಿದೆ. ನಾವು ಮಾತ್ರ ಪೂರ್ಣ ಬಾಡಿಗೆಯನ್ನು ಮನೆವಾರ್ತೆಗೆ ಬಳಸಿ, ಸಂಪು ಸೋರಿದಾಗ ಮುಂಗಡಕ್ಕೆ ಕೈ ಹಾಕುತ್ತೇವೆ. ಖಾಲಿ ಬೀಳುವ ತಿಂಗಳುಗಳನ್ನೂ ದುರಸ್ತಿಯನ್ನೂ ಮೊದಲೇ ಕಳೆದು ಉಳಿದುದನ್ನಷ್ಟೇ ಆದಾಯವೆಂದು ಭಾವಿಸುವುದು ವಿವೇಕ.

ನನ್ನ ಬಾಡಿಗೆದಾರರಿಗೆ ಹಣ ತಲುಪಿದ್ದು ಎರಡು ತಿಂಗಳ ನಂತರ, ನನ್ನದೊಂದು ಠೇವಣಿಯನ್ನು ಅವಧಿಗೆ ಮುನ್ನ ಮುರಿದ ಮೇಲೆ. ಆ ಸಜ್ಜನರು ಒಂದು ಕಟುಮಾತನ್ನೂ ಆಡಲಿಲ್ಲ. ಹೊಸ ಊರಿನಲ್ಲಿ ಅವರೂ ಮುಂಗಡ ಕೊಡಬೇಕಿತ್ತೆಂದು ನನಗೆ ಆಮೇಲೆ ತಿಳಿಯಿತು. ಈಗ ಮೂರು ತಿಂಗಳ ಮುಂಗಡವನ್ನಷ್ಟೇ ಪಡೆದು, ಪ್ರತ್ಯೇಕ ಖಾತೆಯಲ್ಲಿ ಇರಿಸುತ್ತೇನೆ. ಅದರ ಪಾಸ್‌ಬುಕ್ ಕರಾರುಪತ್ರದ ಜೊತೆಯಲ್ಲೇ ಇದೆ.