ಎಲುಬಿನ ಚಿತ್ರ ಒಂದು, ಬೆಲೆ ಹಲವು

ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ರಾಂಟ್‌ಗೆನ್ ಮಹಾಶಯನು 1895ನೆಯ ಇಸವಿಯ ನವಂಬರಿನಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ತನ್ನ ಶೋಧಕ್ಕೆ ಅವನು ಪೇಟೆಂಟು ಪಡೆಯಲಿಲ್ಲ. ಅದು ಸಕಲರಿಗೂ ಸಲ್ಲತಕ್ಕುದೆಂದು ಬಗೆದನು. ಆ ಕಿರಣಗಳಿಂದ ಸೊಂಟದ ಕೀಲಿನ ಚಿತ್ರವನ್ನು ತೆಗೆಯಲು ಇಂದು ಕೆಲವೇ ನಿಮಿಷಗಳು ಸಾಕು. ಆದರೆ ಅದರ ಬೆಲೆಯೆಷ್ಟೆಂದು ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಕೇಳಿದವರಿಗೆ ಒಂದೇ ಉತ್ತರವು ದೊರೆಯದು. ಒಂದೇ ಊರಿನ ಎರಡು ಆಸ್ಪತ್ರೆಗಳಲ್ಲಿ ಎರಡು ಬೆಲೆ. ಅಷ್ಟೇ ಏಕೆ, ಒಂದೇ ದಿನ ಒಂದೇ ಯಂತ್ರದ ಕೆಳಗೆ ಮಲಗಿದ ಇಬ್ಬರು ರೋಗಿಗಳು ತೆರುವ ಹಣವೂ ಬೇರೆ ಬೇರೆಯಾಗಿರುವುದುಂಟು.

ದೂರದೇಶದ ದರಪಟ್ಟಿಯಿಂದ ನಮ್ಮ ಗೃಹಸ್ಥರಿಗೆ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ನಮ್ಮ ನಾಡಿನ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಆ ದೇಶದಲ್ಲಿ ಸಂಸಾರ ಹೂಡಿರುವರು. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೆತ್ತವರು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇರುವರು. ಹಿಮದ ಮೇಲಾಗಲಿ ಬಚ್ಚಲಿನಲ್ಲಾಗಲಿ ಹಿರಿಯರು ಕಾಲು ಜಾರಿ ಬಿದ್ದರೆ ವೈದ್ಯನು ಮೊದಲು ಕೇಳುವುದು ಈ ಚಿತ್ರವನ್ನೇ. ಆಗ ನೋವಿಗಿಂತಲೂ ವೆಚ್ಚಕ್ಕೆ ಹೆದರಿ, “ಏನೂ ಆಗಿಲ್ಲ, ಎಣ್ಣೆ ತಿಕ್ಕಿದರೆ ಸರಿಹೋದೀತು” ಎಂದು ಅವರು ಸುಮ್ಮನಾಗುವ ಸಂಭವವುಂಟು. ಆದುದರಿಂದ ಈ ವೆಚ್ಚದ ಒಳಗುಟ್ಟನ್ನು ಮೊದಲೇ ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಅಲ್ಲಿಯ ಆಸ್ಪತ್ರೆಗಳಲ್ಲಿ ಒಂದು ಸೇವೆಗೆ ಮೂರು ಬಗೆಯ ಬೆಲೆಗಳಿರುವುವು. ಮೊದಲನೆಯದು, ಆಸ್ಪತ್ರೆಯವರು ತಮ್ಮ ದೊಡ್ಡ ದರಪಟ್ಟಿಯಲ್ಲಿ ಬರೆದಿಟ್ಟ ಬೆಲೆ. ಎರಡನೆಯದು, ವಿಮಾ ಕಂಪೆನಿಯು ಚೌಕಾಸಿ ಮಾಡಿ ಒಪ್ಪಿಸಿಕೊಂಡ ಬೆಲೆ. ಕಂಪೆನಿಗಳು ಅನೇಕವಾದುದರಿಂದ ಈ ಬೆಲೆಯೂ ಅನೇಕ. ಮೂರನೆಯದು, ವಿಮೆಯನ್ನು ಬಳಸದೆ ಕೈಯಿಂದ ಹಣ ಕೊಡುವವರಿಗೆ ಸೋಡಿ ಬಿಟ್ಟು ಹೇಳುವ ನಗದು ಬೆಲೆ. ಪಟ್ಟಿಯ ಬೆಲೆಯನ್ನು ಪೂರ್ತಿಯಾಗಿ ಕೊಡುವವರು ವಿರಳ. ಆದರೂ ವಿಮೆಯಿಲ್ಲದೆ, ಏನನ್ನೂ ವಿಚಾರಿಸದೆ ಹೋದವನ ಕೈಗೆ ಬರುವ ಬಿಲ್ಲು ಅದೇ ಆಗಿರಬಹುದು.

ಬಿಲ್ಲು ಒಂದೇ ಬರುವುದೆಂದೂ ನಂಬಲಾಗದು. ಯಂತ್ರ, ಕೊಠಡಿ, ಚಿತ್ರ ತೆಗೆಯುವವರ ಕೆಲಸ ಇವುಗಳಿಗೆ ಒಂದು. ಚಿತ್ರವನ್ನು ಪರೀಕ್ಷಿಸಿ ವರದಿ ಬರೆಯುವ ರೇಡಿಯಾಲಜಿಸ್ಟ್ ವೈದ್ಯನದು ಇನ್ನೊಂದು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದರೆ ಆ ವಿಭಾಗದ ಶುಲ್ಕವೂ ಅಲ್ಲಿಯ ವೈದ್ಯನ ಶುಲ್ಕವೂ ಬೇರೆ. ಚಿತ್ರಕ್ಕಿಂತ ಇವೇ ಭಾರವಾಗುವುದು ಸಾಮಾನ್ಯ. ಆಸ್ಪತ್ರೆಗೆ ಸೇರದ ಪ್ರತ್ಯೇಕ ಕ್ಷ-ಕಿರಣ ಕೇಂದ್ರಗಳಲ್ಲಿಯಾದರೋ ಅದೇ ಚಿತ್ರವು ಸಾಮಾನ್ಯವಾಗಿ ಅಗ್ಗ.

ವಿಮೆಯಿದ್ದವರು ನಿಶ್ಚಿಂತರೆಂದು ತಿಳಿಯುವುದು ಸಹಜ. 1929ರಲ್ಲಿ ಟೆಕ್ಸಸ್ ಸಂಸ್ಥಾನದ ಡಲ್ಲಾಸ್ ನಗರದ ಉಪಾಧ್ಯಾಯರು ತಿಂಗಳಿಗೆ 50 ಸೆಂಟು ಕಟ್ಟಿ, ಬೇಲರ್ ಆಸ್ಪತ್ರೆಯಲ್ಲಿ 21 ದಿನಗಳವರೆಗಿನ ಆರೈಕೆಯ ಭರವಸೆಯನ್ನು ಪಡೆದಿದ್ದರು. ಈಗಿನ ವಿಮೆಯು ಅಷ್ಟು ಸರಳವಲ್ಲ. ಅದರಲ್ಲಿ ‘ಡಿಡಕ್ಟಿಬಲ್’ ಎಂಬುದೊಂದುಂಟು. ಪ್ರತಿ ವರ್ಷವೂ ಗೊತ್ತಾದ ಒಂದು ಮೊತ್ತದವರೆಗೆ ರೋಗಿಯು ತಾನೇ ವೆಚ್ಚಮಾಡಿದ ಹೊರತು, ಇಂತಹ ಚಿತ್ರಗಳಿಗೆ ಕಂಪೆನಿಯು ಸಾಮಾನ್ಯವಾಗಿ ಗಂಟು ಬಿಚ್ಚದು. ಆ ಮೊತ್ತ ತುಂಬಿದ ಬಳಿಕವೂ ನೂರಕ್ಕೆ ಇಷ್ಟೆಂದು ಒಂದು ಪಾಲನ್ನು ರೋಗಿಯೇ ಹೊರಬೇಕಾಗುವುದುಂಟು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ತಿಳಿವಿಗಾಗಿ ಮಾತ್ರ. ಪಟ್ಟಿಯ ಬೆಲೆ 600 ಡಾಲರು, ಕಂಪೆನಿಯು ಒಪ್ಪಿದ ಬೆಲೆ 300, ನಗದು ಬೆಲೆ 150, ಡಿಡಕ್ಟಿಬಲ್ 1,500 ಎಂದಿರಲಿ. ವರ್ಷದ ಆರಂಭದಲ್ಲಿ, ಏನೂ ತುಂಬದೆ ಇರುವಾಗ ವಿಮೆಯ ಚೀಟಿಯನ್ನು ತೋರಿಸಿದವನು 300 ಡಾಲರನ್ನೂ ತಾನೇ ತೆರುವನು. ಡಿಡಕ್ಟಿಬಲ್ ಮುಗಿಸಿ ನೂರಕ್ಕೆ 20ರ ಪಾಲಿಗೆ ಬಂದವನು 60 ತೆರುವನು. ವಿಮೆಯನ್ನು ಬದಿಗಿಟ್ಟು ನಗದು ಕೊಟ್ಟವನು 150 ತೆರುವನು. ವಿಮೆಯಿದ್ದೂ ಇಲ್ಲದವನಿಗಿಂತ ಇಮ್ಮಡಿ ಕೊಡುವ ಸೋಜಿಗವು ಹೀಗೆ ಸಂಭವಿಸುವುದು! ಆದರೆ ನಗದು ಕೊಟ್ಟ ಹಣವು ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರದು. ಮುಂದೆ ಶಸ್ತ್ರಕ್ರಿಯೆಯೇ ಬೇಕಾದೀತೆಂಬ ಸೂಚನೆಯಿದ್ದರೆ ವಿಮೆಯ ಮೂಲಕ ಹೋಗುವುದೇ ಜಾಣತನ.

65 ವರ್ಷ ದಾಟಿದ ಅಲ್ಲಿಯ ನಿವಾಸಿಗಳಿಗೆ ಮೆಡಿಕೇರ್ ಎಂಬ ಸರಕಾರಿ ವಿಮೆಯಿದೆ. 2025ರಲ್ಲಿ ಅದರ ‘ಬಿ’ ಭಾಗದ ಡಿಡಕ್ಟಿಬಲ್ 257 ಡಾಲರು ಆಗಿತ್ತು. ಅದನ್ನು ದಾಟಿದ ಮೇಲೆ, ಒಪ್ಪಿತ ಬೆಲೆಯಲ್ಲಿ ನೂರಕ್ಕೆ 20ನ್ನು ರೋಗಿಯು ಕೊಡುವುದು ವಾಡಿಕೆ. ಸಂದರ್ಶಕರಾಗಿ ಹೋದ ಹೆತ್ತವರಿಗೆ ಇದು ಸಲ್ಲದು. ಅವರು ಸಂದರ್ಶಕರ ವಿಮೆಯನ್ನು ಕೊಂಡು ಹೋಗಬೇಕು. ಅದರಲ್ಲಿಯೂ ಎರಡು ಬಗೆ. ಒಂದರಲ್ಲಿ ಪ್ರತಿಯೊಂದು ಸೇವೆಗೂ ಕಂಪೆನಿ ಕೊಡುವ ಮೊತ್ತವು ಮೊದಲೇ ಗೊತ್ತಾಗಿದ್ದು, ಉಳಿದುದನ್ನು ನಾವೇ ಕೊಡಬೇಕು; ಇನ್ನೊಂದರಲ್ಲಿ ಡಿಡಕ್ಟಿಬಲ್ ಕಳೆದು, ಬಿಲ್ಲಿನ ಬಹುಭಾಗವನ್ನು ಗೊತ್ತಾದ ಮಿತಿಯವರೆಗೆ ಕಂಪೆನಿಯೇ ಹೊರುವುದು. ಮೊದಲನೆಯದರ ಕಂತು ಕಡಿಮೆ, ಆಪತ್ತಿನಲ್ಲಿ ಆಸರೆಯೂ ಕಡಿಮೆ. ಹೊರಡುವ ಮೊದಲೇ ಇದ್ದ ಸಂಧಿವಾತದಂತಹ ಬೇನೆಗಳನ್ನು ಇವೆರಡೂ ಬಹುಮಟ್ಟಿಗೆ ಹೊರಗಿಡುವುವೆಂಬುದನ್ನು ಮರೆಯಬಾರದು.

ವಿಮೆಯಿಲ್ಲದವರಿಗೆ ಕಾನೂನಿನ ಆಸರೆ ಸ್ವಲ್ಪಮಟ್ಟಿಗೆ ಉಂಟು. 2021ರ ಜನವರಿ 1ರಿಂದ ಆಸ್ಪತ್ರೆಗಳು ತಮ್ಮ ಪಟ್ಟಿಯ ಬೆಲೆ, ನಗದು ಬೆಲೆ, ವಿಮಾ ಕಂಪೆನಿಗಳೊಡನೆ ಒಪ್ಪಿದ ಬೆಲೆಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ನಿಯಮವಾಗಿದೆ. 2022ರ ಜನವರಿ 1ರಿಂದ, ವಿಮೆಯಿಲ್ಲದೆ ಹಣ ಕೊಡುವವರು ಮೊದಲೇ ಕೇಳಿದರೆ ವೆಚ್ಚದ ಅಂದಾಜನ್ನು ಬರೆದು ಕೊಡಬೇಕು. ಬಿಲ್ಲು ಆ ಅಂದಾಜನ್ನು 400 ಡಾಲರು ಅಥವಾ ಅದಕ್ಕಿಂತ ಹೆಚ್ಚಾಗಿ ಮೀರಿದರೆ 120 ದಿನಗಳೊಳಗೆ ತಕರಾರು ಹೂಡಬಹುದು. ಲಾಭೋದ್ದೇಶವಿಲ್ಲದ ಆಸ್ಪತ್ರೆಗಳು ಬಡವರಿಗಾಗಿ ಲಿಖಿತವಾದ ಸಹಾಯ ನಿಯಮಗಳನ್ನು ಇಟ್ಟಿರಬೇಕೆಂದು 2010ರ ಕಾನೂನು ವಿಧಿಸಿದೆ. ಬಿಲ್ಲು ಬಂದ ಮೇಲೂ ಈ ಸಹಾಯಕ್ಕೆ ಅರ್ಜಿ ಹಾಕಿಕೊಳ್ಳಬಹುದು.

ಆದರೆ ಬೆಲೆಯನ್ನು ವಿಚಾರಿಸುವುದಕ್ಕೂ ಒಂದು ಸಮಯವುಂಟು. ಬಹುಕಾಲದ ನೋವಿಗಾಗಿ ಚಿತ್ರ ಬೇಕಾದರೆ ನಾಲ್ಕು ಕಡೆ ಕೇಳಿ ಹೋಗಲು ಅಡ್ಡಿಯಿಲ್ಲ. ಬಿದ್ದ ಮುದುಕರು ಕಾಲೂರಲಾರದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಆಗ ಬೆಲೆ ಕೇಳುತ್ತ ಕೂರುವುದು ಅಪಾಯ. ಸೊಂಟದ ಎಲುಬು ಮುರಿದಾಗ ಶಸ್ತ್ರಕ್ರಿಯೆಯು ತಡವಾದಷ್ಟೂ ಕೇಡು. ತುರ್ತು ವಿಭಾಗಕ್ಕೆ ಬಂದವರನ್ನು, ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಪ್ರಾಣಾಪಾಯವಿಲ್ಲದಂತೆ ಮಾಡಬೇಕೆಂದು ಆ ದೇಶದ 1986ರ ಕಾನೂನು ಆಸ್ಪತ್ರೆಗಳನ್ನು ಕಟ್ಟುಪಡಿಸಿದೆ. ಮೊದಲು ಚಿಕಿತ್ಸೆ, ಬಿಲ್ಲಿನ ವಾದ ಆಮೇಲೆ.

ಉಳಿದ ಸಂದರ್ಭಗಳಲ್ಲಿ ಮನೆಯವರು ಕೇಳಬೇಕಾದುದು ಇಷ್ಟೇ: “73502 ಸಂಖ್ಯೆಯ ಚಿತ್ರಕ್ಕೆ ನಮ್ಮ ವಿಮೆಯಲ್ಲಿ ನಾವು ಕೊಡಬೇಕಾದುದೆಷ್ಟು? ನಗದಾದರೆ ಎಷ್ಟು? ವರದಿ ಬರೆಯುವ ವೈದ್ಯನ ಶುಲ್ಕವೂ ಇದರಲ್ಲಿ ಸೇರಿದೆಯೆ?” ಒಂದು ಬದಿಯ ಸೊಂಟದ ಕೀಲನ್ನು ಎರಡು ಮೂರು ಕೋನಗಳಿಂದ ತೆಗೆಯುವ ಚಿತ್ರಕ್ಕೆ ಅಲ್ಲಿಯ ಲೆಕ್ಕದಲ್ಲಿರುವ ಗುರುತು ಆ ಸಂಖ್ಯೆ. ಉತ್ತರವನ್ನು ಬರೆಸಿಕೊಳ್ಳಬೇಕು. ಬೆಲೆ ಕೇಳುವುದು ಜಿಪುಣತನವೆಂದು ನಮ್ಮ ಹಿರಿಯರು ಸಂಕೋಚಪಡುವರು. ಕೇಳಿದವನಿಗೊಂದು, ಕೇಳದವನಿಗೊಂದು ಬೆಲೆಯಿರುವ ನಾಡಿನಲ್ಲಿ ಆ ಸಂಕೋಚವೇ ದುಬಾರಿ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯು ಆಸ್ಪತ್ರೆಯ ಬಿಲ್ಲಿಗೂ ಸಲ್ಲತಕ್ಕುದೇ.