ಎಳೆ ಜೋಳದ ವಿಷ, ಎರಡು ತುದಿಯ ಅಯಾನು

ಯರಗೇರಾ, ದೇವದುರ್ಗ, ಮಾನ್ವಿ ಭಾಗದ ಎರೆ ಹೊಲಗಳ ಜೋಳವು ಕಾಳಾಗಿ ಮನುಷ್ಯರಿಗೂ ಕಣಿಕೆಯಾಗಿ ದನಗಳಿಗೂ ಆಹಾರವಾದರೂ, ಅದೇ ಪೈರು ಎಳೆಯದಿರುವಾಗ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದಾಗ ಅಥವಾ ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದಾಗ, ಮೇಯ್ದ ದನವನ್ನು ಸ್ವಲ್ಪ ಹೊತ್ತಿನಲ್ಲೇ ಕೊಲ್ಲಬಲ್ಲದು. ಎಳೆ ಜೋಳದಲ್ಲಿರುವ ಡುರಿನ್ ಎಂಬ ಸಂಯುಕ್ತವನ್ನು 1902ರಲ್ಲಿ ರಸಾಯನಶಾಸ್ತ್ರಜ್ಞರಾದ ಡನ್‌ಸ್ಟನ್ ಮತ್ತು ಹೆನ್ರಿ ಗುರುತಿಸಿದರು. ದನ ಎಲೆಯನ್ನು ಜಗಿದಾಗ ಜೀವಕೋಶಗಳು ಒಡೆದು, ಅದುವರೆಗೆ ಬೇರೆಯೇ ಇದ್ದ ಕಿಣ್ವವು ಡುರಿನ್‌ಗೆ ತಾಗಿ ಸೈನೈಡ್ ಹೊರಬೀಳುತ್ತದೆ.

ಈ ಸೈನೈಡ್ ಒಂದು ನ್ಯೂಕ್ಲಿಯೋಫೈಲ್. ಎಲೆಕ್ಟ್ರಾನ್ ಕೊರತೆಯಿರುವ ಪರಮಾಣುವಿಗೆ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕೊಟ್ಟು ಬಂಧ ಬೆಳೆಸುವ ಕಣಕ್ಕೆ ನ್ಯೂಕ್ಲಿಯೋಫೈಲ್ ಎನ್ನುತ್ತಾರೆ. ಸೈನೈಡ್ ಅಯಾನಿನಲ್ಲಿ ಒಂದು ಇಂಗಾಲ, ಒಂದು ಸಾರಜನಕ ಇದ್ದು, ಎರಡರ ಮೇಲೂ ಅಂಥ ಜೋಡಿಯಿರುವುದರಿಂದ ಅದು ಯಾವ ತುದಿಯಿಂದಲಾದರೂ ಬಂಧ ಬೆಳೆಸಬಲ್ಲದು. ಇಂಥ ಕಣಗಳನ್ನು ಆಂಬಿಡೆಂಟ್ ನ್ಯೂಕ್ಲಿಯೋಫೈಲ್‌ಗಳೆಂದು ಕರೆಯುತ್ತಾರೆ. ಈಥೈಲ್ ಅಯೊಡೈಡ್‌ನೊಂದಿಗೆ ಪೊಟ್ಯಾಸಿಯಂ ಸೈನೈಡ್ ಬೆರೆಸಿದರೆ ಇಂಗಾಲದ ತುದಿ ಸೇರಿ ಮುಖ್ಯವಾಗಿ ನೈಟ್ರೈಲ್ ಆಗುತ್ತದೆ. ಬೆಳ್ಳಿಯ ಸೈನೈಡ್ ಬಳಸಿದರೆ, ಅದರಲ್ಲಿ ಇಂಗಾಲವನ್ನು ಬೆಳ್ಳಿ ಮೊದಲೇ ಹಿಡಿದಿರುವುದರಿಂದ, ಸಾರಜನಕ ಮುಂದೆ ಬಂದು ಸಹಿಸಲಾಗದ ದುರ್ವಾಸನೆಯ ಐಸೊಸೈನೈಡ್ ಹುಟ್ಟುತ್ತದೆ. ಅಯಾನು ಒಂದೇ ಆದರೂ ಜೊತೆಗಾರ ಬದಲಾದೊಡನೆ ಫಲ ಬದಲಾಗುವ ಈ ಗುಣ ಸಾವಯವ ರಸಾಯನಶಾಸ್ತ್ರದ ಬಹು ಸ್ವಾರಸ್ಯದ ಸಂಗತಿಗಳಲ್ಲೊಂದು.

ದನದ ಮೈಯಲ್ಲಿ ಕೆಡುಕು ಮಾಡುವುದು ಇಂಗಾಲದ ತುದಿ. ಜೀವಕೋಶದ ಉಸಿರಾಟ ನಡೆಸುವ ಸೈಟೊಕ್ರೋಮ್ ಆಕ್ಸಿಡೇಸ್ ಕಿಣ್ವದ ಕಬ್ಬಿಣಕ್ಕೆ ಅದು ಅಂಟಿಕೊಂಡಾಗ, ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಅಂಗಾಂಶಗಳು ಅದನ್ನು ಬಳಸಲಾರವು; ಆದ್ದರಿಂದಲೇ ಏದುಸಿರು ಬಿಡುವ ದನದ ರಕ್ತ ಹೊಳೆಯುವ ಕೆಂಪಾಗಿ ಕಾಣುತ್ತದೆ. ಮೊದಲು ಹೇಳಿದ ಎರೆ ಹೊಲಗಳಿರುವ ಜಿಲ್ಲೆಯದೇ ಆದ ಹಟ್ಟಿ ಚಿನ್ನದ ಗಣಿಯಲ್ಲಿ ಅದಿರಿನ ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯುವಾಗಲೂ, ಒಂದೊಂದು ಚಿನ್ನದ ಅಯಾನನ್ನು ಎರಡು ಸೈನೈಡ್‌ಗಳು ಇಂಗಾಲದ ತುದಿಯಿಂದಲೇ ಹಿಡಿಯುತ್ತವೆ.

ವಿಷವೇರಿದ ದನಕ್ಕೆ ಪಶುವೈದ್ಯರು ರಕ್ತನಾಳದ ಮೂಲಕ ಕೊಡುವ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೊಸಲ್ಫೇಟ್‌ಗಳ ಅಯಾನುಗಳೂ ಎರಡು ತುದಿಯವೇ: ನೈಟ್ರೈಟ್‌ನಲ್ಲಿ ಸಾರಜನಕ ಮತ್ತು ಆಮ್ಲಜನಕ, ಥಯೊಸಲ್ಫೇಟ್‌ನಲ್ಲಿ ಗಂಧಕ ಮತ್ತು ಆಮ್ಲಜನಕ. ನೈಟ್ರೈಟ್ ಹೀಮೊಗ್ಲೋಬಿನ್‌ನ ಒಂದು ಪಾಲನ್ನು ಮೆಥೆಮೊಗ್ಲೋಬಿನ್ ಆಗಿಸುತ್ತದೆ. ಅದರ ಕಬ್ಬಿಣವು ಸೈನೈಡನ್ನು ತನ್ನತ್ತ ಸೆಳೆದು ಕಿಣ್ವವನ್ನು ಬಿಡಿಸುತ್ತದೆ. ಆಮೇಲೆ ಥಯೊಸಲ್ಫೇಟ್‌ನ ಗಂಧಕವು, ರೊಡನೀಸ್ ಎಂಬ ಕಿಣ್ವದ ನೆರವಿನಿಂದ, ಸೈನೈಡ್‌ನ ಇಂಗಾಲಕ್ಕೆ ಸೇರಿ ಥಯೊಸೈನೇಟ್ ಆಗುತ್ತದೆ. ಗಂಧಕ, ಸಾರಜನಕಗಳ ಎರಡು ತುದಿಯುಳ್ಳ ಈ ಅಯಾನಿನ ವಿಷ ಬಹಳ ಕಡಿಮೆ; ಅದು ಮೂತ್ರದಲ್ಲಿ ಹೊರಹೋಗುತ್ತದೆ. ಮದ್ದು ಸಿಗುವುದರೊಳಗೆ ಪ್ರಾಣ ಹೋಗುವುದೇ ಹೆಚ್ಚಾದ್ದರಿಂದ, ಡುರಿನ್ ತಗ್ಗುವಷ್ಟು ಬೆಳೆ ಬಲಿಯುವವರೆಗೆ ಜೋಳದ ಹೊಲಕ್ಕೆ ದನ ಬಿಡಬಾರದು.